ಮಕ್ಕಳಿಲ್ದೆ ಥೀಮ್ ಪಾರ್ಕ್ ರೆಸಾರ್ಟಿಗೆ ಹೋಗೋ ದೊಡ್ಡೋರು ಇಲ್ಲಿ ಯಾರಾದ್ರೂ ಇದೀರಾ?

ಅರ್ಧಟಿಕೆಟ್:
ಎಲ್ರಿಗೂ ನಮಸ್ಕಾರ. ತುಂಬಾ ದಿನದಿಂದ ಬರೀಬೇಕು ಅನ್ಕೊಂಡಿದ್ದೆ. ನಂಗೆ 43, ಹೆಂಡ್ತಿಗೆ 41. ಹೋದ ತಿಂಗ್ಳು ನಾವಿಬ್ರೇ ಫ್ಲಾರಿಡಾದ ವಾಲ್ಟ್ ಡಿಸ್ನಿ ವರ್ಲ್ಡಿಗೆ ಹೋಗಿ ಅಲ್ಲಿನ ರೆಸಾರ್ಟಲ್ಲೇ ಐದು ರಾತ್ರಿ ಇದ್ದು ಬಂದ್ವಿ. ಬಂದ ಮಾರನೇ ದಿನ ಆಫೀಸಲ್ಲಿ ಒಬ್ರು "ಯಾರ ಮಕ್ಕಳನ್ನ ಕರ್ಕೊಂಡು ಹೋಗಿದ್ರಿ" ಅಂತ ಕೇಳಿದ್ರು. ಯಾರೂ ಇಲ್ಲ, ನಾವಿಬ್ರೇ ಅಂದೆ. ಪಾಪ ಆ ಮನುಷ್ಯ ಏನೂ ಅನ್ಲಿಲ್ಲ, ಆದ್ರೆ ಆ ಮುಖ ಇದ್ಯಲ್ಲ, ಮೀಸೆ ಬಂದೋನು ತೊಟ್ಟಿಲಲ್ಲಿ ಮಲಗಿರೋದನ್ನ ನೋಡಿದ ಮುಖ.

ನಂಗೆ ಸಿಟ್ಟೇನೂ ಬರ್ಲಿಲ್ಲ, ಯಾಕಂದ್ರೆ ನಂಗೇ ಸರಿಯಾದ ಉತ್ತರ ಗೊತ್ತಿಲ್ಲ. ರೈಡಿಗೋಸ್ಕರ ಹೋಗ್ತೀವಿ ಅನ್ನೋಣ ಅಂದ್ರೆ ದಿನಕ್ಕೆ ಮೂರೋ ನಾಲ್ಕೋ ಹತ್ತಿದ್ರೆ ಜಾಸ್ತಿ, ಮಿಕ್ಕಿದ ಹೊತ್ತೆಲ್ಲಾ ನಾನು ಬೆಂಚ್ ಮೇಲೆ ಕೂತ್ಕೊಂಡು ಜನ ನೋಡ್ತಿದ್ದೆ. ಬಾಲ್ಯ ನೆನಪಾಗುತ್ತೆ ಅಂತ ಕೆಲವ್ರು ಹೇಳ್ತಾರೆ, ನಾನು ಚಿಕ್ಕೋನಿದ್ದಾಗ ಅಂಥ ಜಾಗ ಕಣ್ಣಲ್ಲೂ ನೋಡಿರ್ಲಿಲ್ಲ, ಇಲ್ಲದ ಬಾಲ್ಯ ಎಲ್ಲಿಂದ ನೆನಪಾಗ್ಬೇಕು. ಒಂದು ಮಾತ್ರ ಗೊತ್ತು, ಐದು ದಿನ ಜೇಬಲ್ಲಿ ಕಾರ್ ಕೀ ಇರ್ಲಿಲ್ಲ, ಎಲ್ಲಿ ತಿರುಗ್ಬೇಕು ಎಲ್ಲಿ ಪಾರ್ಕ್ ಮಾಡ್ಬೇಕು ಮುಂದೇನು ಮಾಡ್ಬೇಕು ಅನ್ನೋದು ಯಾವ್ದೂ ನನ್ನ ತಲೇಲಿ ಇರ್ಲಿಲ್ಲ, ಮೂರನೇ ದಿನಕ್ಕೆ ಭುಜ ಎರಡಿಂಚು ಕೆಳಗಿಳಿದಂಗಾಯ್ತು.

ತಮಾಷೆ ಏನು ಗೊತ್ತಾ, ಈ ಇಡೀ ವ್ಯವಹಾರ ಶುರುವಾಗಿದ್ದೇ ಒಂದು ಬೆಂಚಿಂದ ಅಂತಾರೆ. ವಾಲ್ಟ್ ಡಿಸ್ನಿ ಶನಿವಾರ ಭಾನುವಾರ ಹೆಣ್ಮಕ್ಕಳನ್ನ ಲಾಸ್ ಏಂಜಲೀಸಿನ ಗ್ರಿಫಿತ್ ಪಾರ್ಕಿಗೆ ಕರ್ಕೊಂಡು ಹೋಗಿ, ಅವು ಮೆರಿ ಗೋ ರೌಂಡ್ ಸುತ್ತೋವಾಗ ತಾನು ಬೆಂಚ್ ಮೇಲೆ ಸುಮ್ನೆ ಕೂತಿರ್ತಿದ್ನಂತೆ, ದೊಡ್ಡೋರೂ ಮಕ್ಕಳೂ ಒಟ್ಟಿಗೆ ಖುಷಿಪಡೋ ಜಾಗ ಯಾಕಿಲ್ಲ ಅಂತ ಅಲ್ಲೇ ಹೊಳೀತು ಅಂತ ಆತನೇ ಹೇಳ್ಕೊಂಡಿದ್ದ. ಅಪ್ಪಂದಿರನ್ನ ಬೆಂಚಿಂದ ಎಬ್ಬಿಸೋಕೆ ಅಂತ ಕಟ್ಟಿದ ಜಾಗ, ನಾನು ಹೋಗಿ ಅಲ್ಲೂ ಬೆಂಚೇ ಹುಡುಕ್ಕೊಂಡೆ.

ನಿಮ್ಗೆಲ್ಲಾ ಏನು ಸಿಗುತ್ತೆ ಅಲ್ಲಿ? ಸುಮ್ನೆ ಕುತೂಹಲ.

ತಣ್ಣೀರು:
ಬೇಜಾರು ಮಾಡ್ಕೋಬೇಡಿ ಸಾರ್, ನಿಮ್ಮ ಆಫೀಸಿನೋರ ಮುಖವೇ ನಂದೂ. ಮೂರು ನಿಮಿಷದ ರೈಡಿಗೆ ಮುಕ್ಕಾಲು ಗಂಟೆ ಸಾಲಲ್ಲಿ ನಿಲ್ಲೋದು, ಸಿಮೆಂಟ್ ಬೆಟ್ಟ, ಫೈಬರ್ ಮರ, ಒಳಗೆ ಕೂತಿರೋ ಯಂತ್ರದ ಗಿಣಿ. ಡಿಸ್ನಿ ವರ್ಲ್ಡಲ್ಲಿ ಎಪ್ಕಾಟ್ ಅಂತ ಒಂದು ಪಾರ್ಕ್ ಇದ್ಯಲ್ಲ, ಒಂದು ಕೆರೆ ಸುತ್ತ ಹನ್ನೊಂದು ದೇಶ ನಿಲ್ಸಿದಾರೆ, ಇಟಲಿಯಿಂದ ಜಪಾನಿಗೆ ಐದು ಹತ್ತು ನಿಮಿಷ ನಡಿಗೆ. ಸ್ವಾಮಿ, ಇಟಲಿ ಅನ್ನೋ ದೇಶ ನಿಜವಾಗ್ಲೂ ಇದೆ, ವಿಮಾನ ಹೋಗುತ್ತೆ. ಅಷ್ಟು ಖರ್ಚು ಮಾಡಿ ನಕಲಿ ವೆನಿಸ್ ಮುಂದೆ ಫೋಟೋ ತಗೊಳ್ಳೋದ್ರಲ್ಲಿ ದೊಡ್ಡೋರಿಗೆ ಏನು ಸುಖ ಅಂತ ನಂಗೆ ಇವತ್ತಿಗೂ ಅರ್ಥ ಆಗಿಲ್ಲ.

ಪರದೆಹಿಂದೆ:
ತಣ್ಣೀರು ಅವ್ರೇ, ನಾನು ಇಪ್ಪತ್ತು ವರ್ಷ ನಾಟಕಕ್ಕೆ ಸೆಟ್ ಕಟ್ದೋನು. ನಾಟಕಕ್ಕೆ ಬಂದು ಯಾರಾದ್ರೂ "ಅಯ್ಯೋ ಕಾಡು ಬಟ್ಟೇದು" ಅಂತ ಎದ್ದು ಹೋಗ್ತಾರಾ? ಬಟ್ಟೆ ಅಂತ ಗೊತ್ತಿದ್ದೇ ಕೂರ್ತಾರೆ. ಮಗೂಗೆ ಕಾಡು ಮಾತ್ರ ಕಾಣುತ್ತೆ. ದೊಡ್ಡೋರಿಗೆ ಕಾಡೂ ಕಾಣುತ್ತೆ ಬಟ್ಟೇನೂ ಕಾಣುತ್ತೆ, ಎರಡನ್ನೂ ಒಟ್ಟಿಗೆ ನೋಡೋದ್ರಲ್ಲಿ ಒಂದು ಮಜಾ ಇದೆ, ಅದು ಮಕ್ಕಳಿಗೆ ಸಿಗೋದೇ ಇಲ್ಲ.

ನಾನು ಹಾಂಟೆಡ್ ಮ್ಯಾನ್ಷನ್ ಅನ್ನೋ ದೆವ್ವದ ಮನೆ ಒಳಗೆ ಒಂದೇ ದಿನ ನಾಲ್ಕು ಸಲ ಹೋದೆ, ಬರೀ ಗಾಜು ಹುಡುಕೋಕೆ. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಲ್ಲಿ 1969ರಲ್ಲಿ ಶುರುವಾದ ರೈಡ್ ಅದು, ಆಮೇಲೆ ಫ್ಲಾರಿಡಾದಲ್ಲೂ ಒಂದು ಕಟ್ಟಿದ್ರು. ಒಂದು ದೊಡ್ಡ ಹಜಾರ ಬರುತ್ತೆ, ನೀವು ಮೇಲಿನ ಬಾಲ್ಕನಿ ಮಟ್ಟದಲ್ಲಿ ಹೋಗ್ತಿರ್ತೀರಿ, ಕೆಳಗೆ ದೆವ್ವಗಳು ಜೋಡಿಜೋಡಿಯಾಗಿ ಕುಣೀತಿರ್ತವೆ, ಮೈ ಪಾರದರ್ಶಕ, ಹಿಂದಿನ ಗೋಡೆ ಕಾಣುತ್ತೆ. ಕಂಪ್ಯೂಟರ್ ಗಿಂಪ್ಯೂಟರ್ ಏನಿಲ್ಲ, ಹತ್ತೊಂಬತ್ತನೇ ಶತಮಾನದ ನಾಟಕದೋರು ಮಾಡ್ತಿದ್ದ ಹಳೇ ಚಮತ್ಕಾರ. ನಿಮ್ಮೆದುರಿಗೆ ಭಾರೀ ಗಾಜು ನಿಲ್ಸಿದಾರೆ, ನಿಜವಾದ ಬೊಂಬೆಗಳು ನೀವು ಹೋಗೋ ದಾರಿಯ ಮೇಲ್ಗಡೆ ಮತ್ತು ಕೆಳಗಡೆ ಕತ್ತಲಲ್ಲಿ ಅಡಗಿವೆ, ಅವುಗಳ ಮೇಲೆ ಬೆಳಕು ಬಿದ್ದಾಗ ಗಾಜಲ್ಲಿ ಬಿಂಬ ಮೂಡುತ್ತೆ ಅಷ್ಟೇ. ಗುಟ್ಟು ಬಯಲಾಗೋದು ಎಲ್ಲಿ ಅಂದ್ರೆ, ಬಿಂಬದಲ್ಲಿ ಎಡಬಲ ಅದಲುಬದಲಾಗಿ, ಸಾಮಾನ್ಯವಾಗಿ ಗಂಡಸರು ನಡೆಸೋ ಆ ಜೋಡಿ ಕುಣಿತದಲ್ಲಿ ಹೆಂಗಸರೇ ಗಂಡಸರನ್ನ ನಡೆಸ್ತಿರೋ ಹಂಗೆ ಕಾಣ್ತಾರೆ. ಇದನ್ನ ಮೊದಲ ಸಲ ಗಮನಿಸಿದಾಗ ನಾನು ಗಾಡೀಲಿ ಒಬ್ಬನೇ ನಕ್ಕೆ, ಹಿಂದಿನ ಗಾಡಿಯೋರು ಹೆದ್ರಿಕೊಂಡ್ರೋ ಏನೋ.

ಎಪ್ಕಾಟಿನ ಇಟಲಿ ಇಟಲಿ ಅಲ್ಲ ಸರಿ. ಆದ್ರೆ ಅದು ಇಟಲಿ ಬಗ್ಗೆ ಇರೋ ಒಂದು ರಂಗಸಜ್ಜಿಕೆ. ಡಿಸ್ನಿ ವರ್ಲ್ಡಿನ ಇನ್ನೊಂದು ಪಾರ್ಕ್ ಮ್ಯಾಜಿಕ್ ಕಿಂಗ್ಡಮ್ಮಿನ ಕೋಟೆ 189 ಅಡಿ ಎತ್ತರ, ಮೇಲೆ ಹೋದಂಗೆ ಕಲ್ಲು ಕಿಟಕಿ ಎಲ್ಲಾ ಸಣ್ಣದಾಗ್ತಾ ಹೋಗ್ತವೆ, ಹಂಗಾಗಿ ಕಣ್ಣಿಗೆ ಇನ್ನೂ ಎತ್ತರ ಅನ್ಸುತ್ತೆ. 200 ಅಡಿ ದಾಟಿದ್ರೆ ವಿಮಾನಗಳಿಗೆ ಕಾಣೋ ಹಂಗೆ ಮೇಲೊಂದು ಕೆಂಪು ದೀಪ ಹಾಕ್ಬೇಕಾಗುತ್ತೆ, ಕೋಟೆ ತುದೀಲಿ ಮಿಣಮಿಣ ಅನ್ನೋ ಕೆಂಪು ದೀಪ ಕಲ್ಪಿಸ್ಕೊಳ್ಳಿ.

ಬೋಲ್ಟುನಟ್ಟು:
ಪರದೆಹಿಂದೆ ಸರ್ ಹೇಳಿದ್ದು ಖರೇ ಐತಿ. ನಾ ಮೆಕ್ಯಾನಿಕಲ್ ಮಂದಿ, ನನಗ ಕ್ಯೂನ್ಯಾಗ ನಿಂತಾಗೂ ಟ್ರ್ಯಾಕಿನ ಮ್ಯಾಲೇ ಕಣ್ಣ. ಹೆಂಡ್ತಿ ಅಂತಾಳ, ನೀವು ರಜಾಕ್ಕ ಬಂದೀರೋ ಇನ್‌ಸ್ಪೆಕ್ಷನ್ನಿಗೆ ಬಂದೀರೋ ಅಂತ.

ಆ ಮ್ಯಾನ್ಷನ್ನಿನೊಳಗ ಮೊದಲಿಗೆ ಒಂದು ಖೋಲಿ ಬರ್ತದ ನೋಡ್ರಿ, ಗೋಡಿ ಮ್ಯಾಲಿನ ಚಿತ್ರ ಉದ್ದಕ್ಕ ಎಳದಂಗ ಆಗ್ತಾವು. ಕ್ಯಾಲಿಫೋರ್ನಿಯಾದಾಗ ಅದು ಖರೇನ ಲಿಫ್ಟ್, ನಿಮ್ಮನ್ನ ಕೆಳಗ ಇಳಿಸಿ ರೈಲ್ವೇ ಹಳಿ ಬುಡಕ್ಕ ಹಾಯ್ಸಿ ಪಾರ್ಕಿನ ದಿಬ್ಬದ ಆಚೆ ಇರೋ ದೊಡ್ಡ ಶೆಡ್ಡಿಗೆ ಒಯ್ತಾರ. ಫ್ಲಾರಿಡಾದಾಗ ಜಾಗಾ ಭಾಳ ಇತ್ತು, ಕೆಳಗ ಇಳ್ಸೋದು ಬೇಕಾಗಿರಲಿಲ್ಲ, ಅಲ್ಲಿ ನೆಲ ನಿಂತಲ್ಲೇ ನಿಂತಿರ್ತದ, ಛಾವಣಿ ಮ್ಯಾಲೆ ಹೋಗ್ತದ. ನಿಂತವರಿಗೆ ಎರಡೂ ಒಂದ ಅನಸ್ತದ. ಇದನ್ನ ತಿಳ್ಕೊಂಡ ಮ್ಯಾಲೆ ನಾ ಎರಡು ದಿನ ಅದನ್ನ ಬಿಟ್ಟು ಬ್ಯಾರೆ ಮಾತಾಡಲಿಲ್ಲ.

ಇನ್ನೊಂದು, ಮ್ಯಾಜಿಕ್ ಕಿಂಗ್ಡಮ್ ಬುಡಕ್ಕ ಸುರಂಗ ಅದಾವು ಅಂತ ಎಲ್ಲಾರೂ ಹೇಳ್ತಾರ. ಹಿಂದ ಡಿಸ್ನಿಲ್ಯಾಂಡಿನ್ಯಾಗ ಕೌಬಾಯ್ ವೇಷದ ನೌಕರ ಒಬ್ಬ ಭವಿಷ್ಯದ ಲೋಕ ಅಂತ ಕಟ್ಟಿದ ಟುಮಾರೋಲ್ಯಾಂಡಿನ ನಡುವ ನಡಕೋತ ಹೊಂಟಿದ್ನಂತ, ಡಿಸ್ನಿಗೆ ಅದು ಕಣ್ಣಾಗ ಕಸ ಬಿದ್ದಂಗ ಆತು, ಅದಕ್ಕ ಹೊಸಾ ಪಾರ್ಕಿನ್ಯಾಗ ಕೆಲಸದ ಮಂದಿ ಓಡಾಡಾಕ ಬ್ಯಾರೆ ದಾರಿ ಮಾಡಿದ್ರು. ಆದ್ರ ಅದು ಸುರಂಗ ಅಲ್ರೀ! ಅಲ್ಲಿ ನೆಲದಾಗ ಸ್ವಲ್ಪ ಅಗದ್ರ ಸಾಕು ನೀರು ಬರ್ತದ, ಹಂಗಾಗಿ ಆ ದಾರಿನ ನೆಲದ ಮ್ಯಾಲೇ ಕಟ್ಟಿ, ಬಾಜೂಕ ಕೆರಿ ತೋಡಿದ ಮಣ್ಣು ಸುತ್ತಲೂ ಸುರುವಿ, ಅದರ ಮ್ಯಾಲೆ ಪಾರ್ಕ್ ಕಟ್ಯಾರ. ನೀವು ಅಡ್ಡಾಡೋ ಬೀದಿ ಖರೇ ಅಂದ್ರ ಎರಡನೇ ಮಜಲಿ. 1971ರಾಗ ತೆರೆದಾಗಿಂದ ಕೋಟಿಗಟ್ಟಲೆ ಮಂದಿ ಅದರ ಮ್ಯಾಲೆ ನಡದಾರ, ಏರು ಹತ್ತಿದ್ದು ಯಾರಿಗೂ ಗೊತ್ತಾಗಿಲ್ಲ.

ಸ್ಪೇಸ್ ಮೌಂಟನ್ ಅಂತ ಕತ್ತಲಿ ರೋಲರ್ ಕೋಸ್ಟರ್ ಐತಲ್ಲ, ಫ್ಲಾರಿಡಾದ್ದು ತಾಸಿಗೆ 45 ಕಿ.ಮೀ. ಆಸುಪಾಸು ಅಷ್ಟ. ಸ್ಕೂಟರ್ ಸ್ಪೀಡಿಗೆ ದೊಡ್ಡ ದೊಡ್ಡ ಗಂಡಸರು ಚೀರ್ತಾರ, ಕತ್ತಲಿ ಮಹಿಮಾ.

ತಣ್ಣೀರು:
ಸರಿ ಸರಿ, ಓದೋಕೆ ಚೆನ್ನಾಗಿದೆ, ಒಪ್ಕೊಂಡೆ. ಆದ್ರೆ ನೀವಿಬ್ರೂ ಹೇಳಿದ್ದು ಅದನ್ನ ಹೆಂಗೆ ಕಟ್ಟಿದಾರೆ ಅಂತ. ಅದಕ್ಕೆ ಒಂದು ದಿನ ಸಾಕಲ್ವಾ, ನೋಡ್ಕೊಂಡು ಬಂದ್ರಾಯ್ತು. ಐದು ರಾತ್ರಿ ಅಲ್ಲೇ ಬಿದ್ದಿರೋದು ಯಾಕೆ ಅನ್ನೋದು ಪ್ರಶ್ನೆ.

ನಿದ್ದೆಗಣ್ಣು:
ಅದಕ್ಕೆ ನಾನು ಉತ್ತರ ಹೇಳ್ತೀನಿ ಅಣ್ಣ. ಒಂದೇ ದಿನಕ್ಕೆ ಹೋಗೋರು ಓಡ್ತಾರೆ, ಅಲ್ಲೇ ಉಳಿಯೋರು ನಡೀತಾರೆ. ಒಂದು ದಿನದ ಟಿಕೆಟ್ ತಗೊಂಡೋರ ಮುಖ ನೋಡಿ, ಪರೀಕ್ಷೆ ಹಾಲಲ್ಲಿ ಕೊನೇ ಅರ್ಧ ಗಂಟೆ ಉಳ್ದಿರೋರ ಥರ ಇರುತ್ತೆ, ದುಡ್ಡು ಕೊಟ್ಟಿದೀವಿ ಎಲ್ಲಾ ಮುಗಿಸ್ಬೇಕು ಅಂತ.

ನಾನು ಆಸ್ಪತ್ರೇಲಿ ನೈಟ್ ಶಿಫ್ಟ್ ಮಾಡೋಳು. ನನ್ನ ಕೆಲಸದಲ್ಲಿ ಪ್ರತಿ ಐದು ನಿಮಿಷಕ್ಕೊಂದು ತೀರ್ಮಾನ, ಮನೆಗೆ ಬಂದ್ರೆ ಇನ್ನೊಂದು ಶಿಫ್ಟ್. ಅಲ್ಲಿ ಹೋದಾಗ ನಂಗಿಷ್ಟ ಆಗೋದು ಏನು ಗೊತ್ತಾ, ಮಧ್ಯಾಹ್ನದ ನಿದ್ದೆ. ನಗ್ಬೇಡಿ. ಬೆಳಿಗ್ಗೆ ಬಾಗಿಲು ತೆಗೆಯೋ ಹೊತ್ತಿಗೆ ಪಾರ್ಕಿಗೆ ಹೋಗ್ತೀನಿ, ಹನ್ನೊಂದೂವರೆ ಹನ್ನೆರಡಕ್ಕೆ ಬಿಸಿಲು ಏರಿ ಜನ ಜಾಸ್ತಿ ಆಗ್ತಿದ್ದಂಗೆ ಬಸ್ ಹತ್ತಿ ರೂಮಿಗೆ ವಾಪಸ್, ಎರಡು ಗಂಟೆ ಸತ್ತಂಗೆ ನಿದ್ದೆ, ಸಂಜೆ ಮುಖ ತೊಳ್ಕೊಂಡು ಮತ್ತೆ ಹೋಗಿ ಪಟಾಕಿ ನೋಡೋದು. ಹೊರಗೆ ಅಷ್ಟು ಜನ ಸಾಲಲ್ಲಿ ಬೇಯ್ತಿರೋವಾಗ ನಾನು ಏಸೀಲಿ ಹೊದ್ದು ಮಲಗಿರ್ತೀನಲ್ಲ, ಆ ನಿದ್ದೇಗೆ ಬೇರೆ ರುಚಿನೇ ಇದೆ. ರೆಸಾರ್ಟ್ ಹತ್ರದಲ್ಲೇ ಇಲ್ದಿದ್ರೆ ಇದು ಆಗಲ್ಲ.

ಒಂದು ಸಲ ದುಡ್ಡು ಕೂಡಿಟ್ಟು ಅನಿಮಲ್ ಕಿಂಗ್ಡಮ್ ಲಾಡ್ಜ್ ಅನ್ನೋ ಡಿಸ್ನಿ ಹೋಟೆಲಲ್ಲಿ ಇದ್ದೆ. ಅಲ್ಲಿ ಕೆಲವು ರೂಮುಗಳ ಬಾಲ್ಕನಿ ಹುಲ್ಲುಗಾವಲ ಕಡೆಗಿದೆ. ಬೆಳಿಗ್ಗೆ ಆರಕ್ಕೆ ಪರದೆ ಸರಿಸಿದ್ರೆ ಎದುರಿಗೆ ಜಿರಾಫೆ. ಅದು ನನ್ನನ್ನ ನೋಡ್ತು, ನಾನು ಅದನ್ನ ನೋಡ್ದೆ. ಅದಕ್ಕೂ ನನ್ನಿಂದ ಏನೂ ಬೇಕಿರ್ಲಿಲ್ಲ.

ಇನ್ನೊಂದ್ ಮಾತು. ಮಕ್ಕಳ ಜೊತೆನೂ ಹೋಗಿದೀನಿ, ಅದು ರಜಾ ಅಲ್ಲ, ಅದೂ ಡ್ಯೂಟಿನೇ. ತಲೆ ಎಣಿಸೋದು, ಟಾಯ್ಲೆಟ್ ಎಲ್ಲಿ, ಟೋಪಿ ಎಲ್ಲಿ, ಇವನು ಆ ರೈಡಿಗೆ ಎತ್ತರ ಸಾಲ್ದೆ ಅಳ್ತಾನೆ, ಅವಳು ಹೆದ್ರಿಕೊಂಡು ಅಳ್ತಾಳೆ. ಮಕ್ಕಳಿಲ್ದೆ ಹೋದಾಗ್ಲೇ ಕೆರಿಬಿಯನ್ ಕಡಲ್ಗಳ್ಳರ ರೈಡಲ್ಲಿ ತಲೆ ಎತ್ತಿ ನೋಡಿದ್ದು. ಅದರ ಮೇಲ್ಗಡೆ ರಾತ್ರಿ ಆಕಾಶ ಮಾಡಿದಾರೆ ಅಂತ ಅವತ್ತೇ ಗೊತ್ತಾಗಿದ್ದು ನಂಗೆ.

ಲೆಕ್ಕಿಗ:
ತೀರ್ಮಾನ ಇಲ್ಲ, ತಲೆ ಖಾಲಿ, ಭುಜ ಇಳೀತು ಅಂತೆಲ್ಲಾ ಬರೀತಿದೀರಲ್ಲ, ಇದು ಯಾವ ಕಾಲದ ಮಾತು? ಈಗಿನ ಪಾರ್ಕಿಗೆ ಹೋಗೋಕೆ ಮುಂಚೆ ಮಾಡೋ ಹೋಂವರ್ಕ್ ನಾನು ಡಿಗ್ರೀಗೂ ಮಾಡಿರ್ಲಿಲ್ಲ. ಮುಂಚೆ ಚೆನ್ನಾಗಿತ್ತು, 1999ರಲ್ಲಿ ಫಾಸ್ಟ್‌ಪಾಸ್ ಅಂತ ತಂದ್ರು, ಯಂತ್ರಕ್ಕೆ ಟಿಕೆಟ್ ತೂರಿಸಿದ್ರೆ ಇಷ್ಟು ಗಂಟೆಗೆ ಬಾ ಅಂತ ಚೀಟಿ ಕೊಡ್ತಿತ್ತು, ಎಲ್ರಿಗೂ ಪುಕ್ಕಟೆ. 2021ರಿಂದ ಅದೇ ಸಾಲು ಹಾರಿಸೋ ಸೌಲಭ್ಯಕ್ಕೆ ಬೇರೆ ದುಡ್ಡು. ಈಗ ಫೋನ್ ಹಿಡ್ಕೊಂಡು ಯಾವ ರೈಡಿಗೆ ಯಾವ ಹೊತ್ತು ಖಾಲಿ ಇದೆ ಅಂತ ಬೆರಳು ಸವೆಸ್ಬೇಕು. ನಾನೊಂದು ಪಾರ್ಕಿಗೆ ಹೋಗಿದ್ದೆ, ಹೆಸರು ಬೇಡ, ಹಗಲೆಲ್ಲಾ ತಲೆ ತಗ್ಗಿಸಿ ಸ್ಕ್ರೀನ್ ನೋಡಿದ್ದೇ ಬಂತು, ಮಧ್ಯಾಹ್ನ ಮೂರಕ್ಕೆ ಆಪ್ ಹ್ಯಾಂಗ್ ಆಗಿ ಬುಕ್ ಮಾಡಿದ್ದು ಹೋಯ್ತು, ಕೌಂಟರಲ್ಲಿ ಕೇಳಿದ್ರೆ ಆಪಲ್ಲೇ ನೋಡಿ ಸಾರ್ ಅಂದ್ರು.

ಸಾಲು ಅನ್ನೋದು ಒಂದು ಸಮಾನತೆ ಆಗಿತ್ತು ಗುರು. ಸಾಹುಕಾರನೂ ನಿಲ್ತಿದ್ದ ನಾನೂ ನಿಲ್ತಿದ್ದೆ. ಈಗ ಪಕ್ಕದ ಸಾಲಿನೋರು ನಮ್ಮ ಕಣ್ಣೆದುರಿಗೇ ಜರಗ್ತಾ ಹೋಗ್ತಿರ್ತಾರೆ, ನಾವು ಕಂಬಿ ಹಿಡ್ಕೊಂಡು ನೋಡ್ತಿರ್ತೀವಿ.

ದೊಡ್ಡೋರನ್ನೇ ಗುರಿ ಇಟ್ಟು ಇವ್ರು ಎಲ್ಲಿವರೆಗೂ ಹೋದ್ರು ಅಂದ್ರೆ, 2022ರಲ್ಲಿ ಡಿಸ್ನಿ ವರ್ಲ್ಡಲ್ಲಿ ಸ್ಟಾರ್ ವಾರ್ಸ್ ಹೋಟೆಲ್ ಅಂತ ತೆಗೆದ್ರು. ಎರಡು ರಾತ್ರಿ, ಅಂತರಿಕ್ಷ ನೌಕೆ ಒಳಗಿದೀವಿ ಅಂತ ಆಟ, ಕಿಟಕೀಲಿ ನಕ್ಷತ್ರ, ನಟರು ಬಂದು ನಿಮ್ಮನ್ನೇ ಕಥೆಯೊಳಗೆ ಎಳ್ಕೊಳ್ಳೋದು. ಹೋದೋರಲ್ಲಿ ಕೆಲವ್ರು ಕಣ್ಣೀರು ಹಾಕ್ಕೊಂಡು ಹೊಗಳಿದ್ರು, ಆದ್ರೆ ಬೆಲೆ ಕೇಳಿನೇ ಮಿಕ್ಕೋರು ಹಿಂದೆ ಸರಿದ್ರು. 2023ರ ಸೆಪ್ಟೆಂಬರಲ್ಲಿ ಬಾಗಿಲು ಹಾಕಿದ್ರು, ಎರಡು ವರ್ಷನೂ ನಡೀಲಿಲ್ಲ.

ಅರ್ಧಟಿಕೆಟ್:
ಲೆಕ್ಕಿಗ ಅವ್ರೇ, ನೀವು ಹೇಳಿದ್ದು ಓದಿ ಸ್ವಲ್ಪ ಪೆಚ್ಚಾದೆ. ಯಾಕಂದ್ರೆ ನಿಜ ಹೇಳ್ಬೇಕಂದ್ರೆ ಆ ಆಪ್ ನನ್ನ ಫೋನಲ್ಲಿ ಇರ್ಲೇ ಇಲ್ಲ. ಹೆಂಡ್ತಿ ಫೋನಲ್ಲಿತ್ತು. ಬೆಳಿಗ್ಗೆ ನಾನು ಏಳೋ ಹೊತ್ತಿಗೆ ಅವಳು ಕಾಲು ಚಾಚ್ಕೊಂಡು ಕೂತು ಏನೋ ಒತ್ತುತಾ ಇರ್ತಿದ್ಲು, ಮೆಸೇಜ್ ನೋಡ್ತಿದಾಳೆ ಅನ್ಕೊಂಡಿದ್ದೆ. "ಬನ್ನಿ, ಈಗ ಎಡಕ್ಕೆ ಹೋಗೋಣ" ಅಂದ್ರೆ ಎಡಕ್ಕೆ ಹೋಗ್ತಿದ್ದೆ. ನಾನು ಮೇಲೆ ದೊಡ್ಡದಾಗಿ ತಲೇಲಿ ಏನೂ ಇರ್ಲಿಲ್ಲ ಅಂತ ಬರ್ದೆ ನೋಡಿ, ಅದು ಎಲ್ಲಿಗೂ ಮಾಯ ಆಗಿರ್ಲಿಲ್ಲ, ಅವಳ ತಲೆಗೆ ಹೋಗಿತ್ತು. ಅವಳು ಈಗ ನನ್ನ ಹೆಗಲ ಮೇಲಿಂದ ಇದನ್ನ ಓದ್ತಿದಾಳೆ, ಒಂದು ಅಕೌಂಟ್ ಮಾಡ್ಕೊಡಿ ಅಂತಿದಾಳೆ.

ಮಿಕ್ಕರ್ಧ:
ನಮಸ್ತೆ. ನಾನೇ ಆ ಹೆಂಡ್ತಿ. "ಏನೋ ಒತ್ತುತಾ ಇರ್ತಿದ್ಲು" ಅಂತೆ. ಬುಕಿಂಗ್ ನೋಡೋಕೆ ಅಂತ ಆರೂ ಐವತ್ತಕ್ಕೆ ಅಲಾರಾಂ ಇಟ್ಟು, ಇವ್ರ ನಿದ್ದೆ ಹಾಳಾಗ್ಬಾರ್ದು ಅಂತ ಫೋನನ್ನ ದಿಂಬಿನ ಕೆಳಗಿಟ್ಕೊಂಡು ಎದ್ದೋಳು ನಾನು. ಈ ಮನುಷ್ಯ ಕೂತಿದ್ದ ಬೆಂಚು ಇದ್ಯಲ್ಲ, ಆ ಬೆಂಚಿನ ಮೇಲೆ ಮೂರು ಗಂಟೆಗೆ ನೆರಳು ಬೀಳುತ್ತೆ ಅಂತ ಮುಂಚಿನ ದಿನವೇ ನೋಡಿಟ್ಟಿದ್ದೂ ನಾನೇ.

ಆದ್ರೆ ಲೆಕ್ಕಿಗ ಅವ್ರು ಅನ್ಕೊಂಡಂಗೆ ಅದು ನಂಗೆ ಬರೀ ಹಿಂಸೆ ಏನೂ ಆಗಿರ್ಲಿಲ್ಲ. ಮನೆ ಲೆಕ್ಕ, ಸಾಲದ ಕಂತು, ಡಾಕ್ಟರ್ ಅಪಾಯಿಂಟ್ಮೆಂಟ್ ಪ್ಲಾನ್ ಮಾಡೋದು ಬೇರೆ, ಬೆಳಿಗ್ಗೆ ಮೊದಲು ಯಾವ ಕೋಸ್ಟರ್ ಹತ್ತೋಣ ಅಂತ ಪ್ಲಾನ್ ಮಾಡೋದು ಬೇರೆ, ಎರಡಕ್ಕೂ ಅದೇ ಎಕ್ಸೆಲ್ ಶೀಟೇ ಇರ್ಬಹುದು. ಹೋಗೋಕೆ ಮೂರು ತಿಂಗ್ಳು ಮುಂಚೆಯಿಂದ ರಾತ್ರಿ ಪಾತ್ರೆ ಎಲ್ಲಾ ಆದ್ಮೇಲೆ ಮ್ಯಾಪ್ ತೆಗ್ದು ಕೂರ್ತಿದ್ದೆ, ಅರ್ಧ ರಜಾ ನಂಗೆ ಅಲ್ಲೇ ಆಗಿಹೋಗಿತ್ತು. ಇಷ್ಟು ಸಣ್ಣ ವಿಷ್ಯಕ್ಕೆ ಇಷ್ಟು ಗಂಭೀರವಾಗಿ ತಲೆ ಕೆಡಿಸ್ಕೊಳ್ಳೋದೂ ಒಂದು ಸುಖ ಕಣ್ರಿ, ತಪ್ಪಾದ್ರೆ ಯಾರೂ ಸಾಯಲ್ಲ.

ತಪ್ಪಾಯ್ತು ಕೂಡ. ಮೂರನೇ ದಿನ ಮಧ್ಯಾಹ್ನ ಗುಡುಗು ಸಿಡಿಲು, ಅಲ್ಲಿ ಬೇಸಿಗೇಲಿ ಅದು ಮಾಮೂಲು, ಬಯಲಲ್ಲಿರೋ ರೈಡೆಲ್ಲಾ ನಿಲ್ಸಿದ್ರು, ನನ್ನ ಶೀಟಲ್ಲಿದ್ದ ನಾಲ್ಕು ಸಾಲು ಒಟ್ಟಿಗೆ ಹೋದ್ವು. ಹತ್ತು ನಿಮಿಷ ಅಳು ಬರೋ ಹಂಗಿದ್ದೆ. ಆಮೇಲೆ ಫೋನ್ ಸ್ವಿಚ್ ಆಫ್ ಮಾಡಿ ಬ್ಯಾಗಿಗೆ ಹಾಕಿ, ಮೋನೊರೈಲ್ ಹತ್ತಿ ಸುಮ್ನೆ ಸುತ್ತಿದ್ವಿ. ಅದು ಕಾಂಟೆಂಪರರಿ ಅನ್ನೋ ಹೋಟೆಲ್ಲಿನ ಹೊಟ್ಟೆಯೊಳಗೇ ತೂರ್ಕೊಂಡು ಹೋಗುತ್ತೆ, ಮಳೇಲಿ ಗಾಜೆಲ್ಲಾ ಮಂಜು ಮಂಜು. ಐದು ದಿನದಲ್ಲಿ ನಂಗೆ ಚೆನ್ನಾಗಿ ನೆನಪಿರೋದು ಅದೊಂದೇ, ಅದು ಶೀಟಲ್ಲಿ ಇರ್ಲೇ ಇಲ್ಲ.

ಬೋಲ್ಟುನಟ್ಟು:
ಅಕ್ಕಾರ, ಆ ಹೋಟೆಲ್ಲಿನ ಖೋಲಿಗಳನ್ನ ಬ್ಯಾರೆ ಕಡೆ ಪೂರಾ ತಯಾರ ಮಾಡಿ ತಂದು, ಕ್ರೇನಿಲೆ ಎತ್ತಿ, ಉಕ್ಕಿನ ಚೌಕಟ್ಟಿನ್ಯಾಗ ಮೇಜಿನ ಖಾನೆ ತಳ್ಳಿದಂಗ ಒಂದೊಂದ ತಳ್ಳಿ ಕೂಡ್ಸ್ಯಾರ. ಸುಮ್ನ ಹೇಳ್ದೆ. ತಡಕೊಳ್ಳಾಕ ಆಗಲಿಲ್ಲ.

ಒಂಟಿಸೀಟು:
ಎಲ್ರೂ ಜೋಡಿ ಕಥೆ ಹೇಳ್ತಾ ಇದ್ದೀರಿ ಮಾರಾಯ್ರೆ, ನಾನು ಹೋಗುದು ಒಬ್ಬನೇ. ಕೆಲವು ರೈಡುಗಳಲ್ಲಿ ಸಿಂಗಲ್ ರೈಡರ್ ಅಂತ ಬೇರೆಯೇ ಸಾಲು ಉಂಟು, ಮೂರು ಜನರ ಗುಂಪು ಬಂದು ನಾಲ್ಕನೇ ಸೀಟು ಖಾಲಿ ಉಳಿದ್ರೆ ಅಲ್ಲಿ ನಿಮ್ಮನ್ನು ಕೂರಿಸ್ತಾರೆ. ಬೇರೆಯವರು ಒಂದು ಗಂಟೆ ನಿಂತಲ್ಲಿ ನಾನು ಹದಿನೈದು ನಿಮಿಷದಲ್ಲಿ ಒಳಗೆ. ಒಬ್ಬಂಟಿ ಆಗಿರುದಕ್ಕೆ ಲೋಕದಲ್ಲಿ ಲಾಭ ಕೊಡುವ ಜಾಗ ಬೇರೆ ಎಲ್ಲಿ ಉಂಟು ಹೇಳಿ. ಮೇಲಿಂದ ಬೀಳುವಾಗ ಪಕ್ಕದಲ್ಲಿ ಕೂತ ಅಪರಿಚಿತರು ನನ್ನ ಕೈ ಹಿಡಿದದ್ದೂ ಉಂಟು, ಇಳಿದ ಮೇಲೆ ಇಬ್ಬರಿಗೂ ನಾಚಿಕೆ.

ಮತ್ತೆ ಈ "ಮಕ್ಕಳ ಜಾಗ" ಅನ್ನುವ ಮಾತು ಉಂಟಲ್ಲ, ಅದೇ ತಲೆಕೆಳಗೆ. ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ಟಿವೋಲಿ ಎನ್ನುವ ಮನರಂಜನಾ ಪಾರ್ಕ್ ಶುರುವಾದದ್ದು 1843ರಲ್ಲಿ. ದೀಪ, ಸಂಗೀತ, ನಾಟಕ, ಸಂಜೆ ತಿರುಗಾಟ, ಹೆಚ್ಚು ಕಮ್ಮಿ ದೊಡ್ಡವರದ್ದೇ ಕಾರುಬಾರು. ಈಗಲೂ ಅಲ್ಲಿ ಸಂಜೆ ಹೋದ್ರೆ ಅಜ್ಜ ಅಜ್ಜಿಯಂದಿರು ಕೈಕೈ ಹಿಡಿದು ಸುತ್ತುದು ಕಾಣ್ತದೆ, ಯಾರೂ ಅವರನ್ನು ಯಾರ ಮೊಮ್ಮಕ್ಕಳ ಜೊತೆ ಬಂದದ್ದು ಅಂತ ಕೇಳುದಿಲ್ಲ. ಟೋಕಿಯೋದಲ್ಲಿ ಡಿಸ್ನಿಸೀ ಅಂತ ಉಂಟು, 2001ರಲ್ಲಿ ತೆರೆದದ್ದು, ಅದನ್ನು ನಡೆಸುದು ಓರಿಯೆಂಟಲ್ ಲ್ಯಾಂಡ್ ಎನ್ನುವ ಜಪಾನಿ ಕಂಪೆನಿ, ಡಿಸ್ನಿಯವರಿಂದ ಹೆಸರು ಮತ್ತು ಹಕ್ಕು ಪಡೆದು. ಬಂದರು, ಹಡಗು, ಹೊಗೆಯಾಡುವ ಜ್ವಾಲಾಮುಖಿ. ನಾನು ಹೋದ ದಿನ ಕಂಡವರಲ್ಲಿ ಗೆಳತಿಯರ ಗುಂಪು, ಆಫೀಸಿನವರು, ಮಧ್ಯ ವಯಸ್ಸಿನ ಜೋಡಿಗಳು, ನನ್ನ ಹಾಗೆ ಒಬ್ಬೊಬ್ಬರೇ ಬಂದವರು ಸುಮಾರು ಜನ. ಒಬ್ಬರೂ ತಿರುಗಿ ನೋಡ್ಲಿಲ್ಲ.

ಇನ್ನು ಯೂನಿವರ್ಸಲ್ ಎನ್ನುವ ಇನ್ನೊಂದು ಥೀಮ್ ಪಾರ್ಕಿನವರು ಫ್ಲಾರಿಡಾದ ಆರ್ಲಾಂಡೋದಲ್ಲಿ 1991ರಿಂದ ಹ್ಯಾಲೋವೀನ್ ಸಮಯಕ್ಕೆ ರಾತ್ರಿ ಹೆದರಿಸುವ ಕಾರ್ಯಕ್ರಮ ಮಾಡ್ತಾರೆ, ಹದಿಮೂರರ ಒಳಗಿನವರಿಗೆ ಇದು ಬೇಡ ಅಂತ ಅವರೇ ಹೇಳ್ತಾರೆ. ಅಲ್ಲಿಗೆ ಹೋದವನನ್ನು ಯಾರೂ ಮಗು ಅನ್ನುದಿಲ್ಲ. ಕೋಟೆ ಮುಂದೆ ನಿಂತು ಖುಷಿಪಟ್ರೆ ಮಾತ್ರ ತಮಾಷೆ. ಹೆದರಲಿಕ್ಕೆ ಅಡ್ಡಿ ಇಲ್ಲ, ಸಂತೋಷಕ್ಕೆ ಮಾತ್ರ ವಯಸ್ಸಿನ ಚೀಟಿ ಬೇಕಾ?

ತಣ್ಣೀರು:
ಆ ಕೊನೇ ಮಾತು ಚುಚ್ತು, ಇರ್ಲಿ. ಆದ್ರೂ ಒಂದು ಕೇಳ್ತೀನಿ, ಕೋಟೆ ಮುಂದೆ ನಿಂತು ಮೂವತ್ತು ದಾಟಿದೋರು ಗೊಳೋ ಅಂತ ಅಳೋ ವೀಡಿಯೋ ಬರ್ತವಲ್ಲ, ಅದು ಏನು? ಖುಷಿ ಪಡ್ಲಿ ಬೇಡ ಅನ್ನಲ್ಲ, ಅಳೋದ್ಯಾಕೆ?

ಹಳೇಫೋಟೋ:
ನಾನು ಅತ್ತಿದೀನಿ. ಕೋಟೆ ಮುಂದೆ ಅಲ್ಲ, ಸ್ಮಾಲ್ ವರ್ಲ್ಡ್ ಅನ್ನೋ ದೋಣಿ ರೈಡಲ್ಲಿ, ಬೊಂಬೆಗಳು ಹಾಡೋದು, ಎಲ್ರೂ ಬೈಯ್ಯೋ ರೈಡ್ ಅದು.

ಅಮ್ಮನ್ನ ಕರ್ಕೊಂಡು ಹೋಗಿದ್ದೆ. ಅವ್ರಿಗೆ ಎಪ್ಪತ್ತೆರಡು, ಮೊಣಕಾಲು ಹೋಗಿತ್ತು, ಗಾಲಿ ಕುರ್ಚೀಲಿ ಸುತ್ತಿಸಿದೆ. ಬೇರೆ ಯಾವ ಊರಿಗೆ ಕರ್ಕೊಂಡು ಹೋದ್ರೂ ಮೆಟ್ಲು, ಕಲ್ಲು, ಟಾಯ್ಲೆಟ್ ಇಲ್ಲ, ಕೊನೆಗೆ ಅವ್ರು ನೀವು ಹೋಗ್ಬನ್ನಿ ನಾನು ಇಲ್ಲೇ ಕೂತಿರ್ತೀನಿ ಅಂತಿದ್ರು. ಅಲ್ಲಿ ಮೂರು ದಿನದಲ್ಲಿ ಒಂದು ಸಲಾನೂ ಆ ಮಾತು ಅನ್ಲಿಲ್ಲ. ಆ ದೋಣೀಲಿ ಅವ್ರು ಬೊಂಬೆಗಳಿಗೆ ಕೈ ಬೀಸಿದ್ರು. ಹೋಗೋ ದಾರಿ ಉದ್ದಕ್ಕೂ, ಪ್ರತಿಯೊಂದಕ್ಕೂ.

ಅವ್ರು ಹೋಗಿ ಎರಡು ವರ್ಷ ಆದ್ಮೇಲೆ ನಾನೊಬ್ಳೇ ಹೋದೆ. ಮನೇಲಿ ಅವ್ರ ರೂಮು ಬದಲಾಗಿದೆ, ಬೀದಿ ಬದಲಾಗಿದೆ, ಅಲ್ಲಿ ಮಾತ್ರ ಅದೇ ದೋಣಿ ಅದೇ ತಿರುವು, ಅದೇ ಬೊಂಬೆ ಅದೇ ಜಾಗದಲ್ಲಿ ಅದೇ ಥರ ತಲೆ ಅಲ್ಲಾಡಿಸ್ತು. ಪಕ್ಕದ ಸೀಟು ಖಾಲಿ. ತಣ್ಣೀರು ಅವ್ರೇ, ವೀಡಿಯೋ ಮಾಡಿದ್ರೆ ನಾನೂ ನಿಮ್ಗೆ ತಮಾಷೆಯಾಗೇ ಕಾಣ್ತಿದ್ದೆ ಅನ್ಸುತ್ತೆ.

ಯಾವ್ದೂ ಶಾಶ್ವತ ಅಂತಲ್ಲ. ಸ್ಪ್ಲಾಶ್ ಮೌಂಟನ್ ಅಂತ ನೀರಿನ ರೈಡ್ ಇತ್ತು, ಅದರ ಮೂಲದ ಹಳೇ ಸಿನಿಮಾ ಕರಿಯರನ್ನ ಚಿತ್ರಿಸಿದ ರೀತಿಗೆ ಆಕ್ಷೇಪ ಇತ್ತು, ಆ ಬದಲಾವಣೆ ಸರಿಯಾದ್ದೇ ಅಂತ ನನ್ನ ಅಭಿಪ್ರಾಯ, ಫ್ಲಾರಿಡಾದ್ದು 2023ರ ಜನವರೀಲಿ ಮುಚ್ಚಿ 2024ರ ಜೂನಲ್ಲಿ ಟಿಯಾನಾ ಅನ್ನೋ ಡಿಸ್ನಿ ರಾಜಕುಮಾರಿ ಹೆಸರಲ್ಲಿ ಮತ್ತೆ ತೆಗೆದ್ರು. ಆದ್ರೆ ಮುಚ್ಚೋ ಮುಂಚೆ ಅಲ್ಲಿಗೆ ಹೋಗಿ ಸುಮ್ನೆ ನಿಂತು ಬಂದೋರ ಸಂಕಟ ಕೂಡ ನಂಗೆ ಅರ್ಥ ಆಗುತ್ತೆ. ಒಬ್ಬೊಬ್ರು ಒಬ್ಬೊಬ್ರ ಜೊತೆ ಹತ್ತಿರ್ತಾರೆ ಅಲ್ಲಿ.

ತಣ್ಣೀರು:
ಕ್ಷಮಿಸಿ ಮೇಡಂ. ಹಂಗೆ ಕೇಳ್ಬಾರ್ದಿತ್ತು.

ಲೆಕ್ಕಿಗ:
ಮೇಡಂ, ನಿಮ್ಮ ಅನುಭವದ ಬಗ್ಗೆ ಒಂದು ಮಾತೂ ಆಡಲ್ಲ. ಆದ್ರೆ ಕಂಪನಿಗಳಿಗೂ ಇದು ಚೆನ್ನಾಗೇ ಗೊತ್ತು ಅಂತ ಮಾತ್ರ ಹೇಳ್ತೀನಿ. ಡಿಸ್ನಿಯೋರು 1991ರಿಂದಲೇ ವರ್ಷಗಟ್ಟಲೆ ರಜಾ ಮುಂಗಡ ಕೊಂಡ್ಕೊಳ್ಳೋ ಕ್ಲಬ್ ನಡೆಸ್ತಿದಾರೆ, ಒಂದ್ಸಲ ಸೇರಿದ್ರೆ ಪ್ರತಿವರ್ಷ ನಿರ್ವಹಣಾ ಶುಲ್ಕ ಕಟ್ತಾ ಇರ್ಬೇಕು. ನೆನಪಿಗೂ ಕಂತು.

ನಿದ್ದೆಗಣ್ಣು:
ಲೆಕ್ಕಿಗಣ್ಣ ನೀವು ಯಾವತ್ತಾದ್ರೂ ಮಧ್ಯಾಹ್ನ ಎರಡು ಗಂಟೆ ಮಲಗಿದೀರಾ ಅಲ್ಲಿ?

ಲೆಕ್ಕಿಗ:
ಇಲ್ಲ. ದುಡ್ಡು ಕೊಟ್ಟು ಮಲಗೋದಾ?

ನಿದ್ದೆಗಣ್ಣು:
ಅದೇ ನಿಮ್ಮ ತೊಂದ್ರೆ.

ಹೊಸಬ_ಹಳಬ:
ತುಂಬಾ ದಿನದಿಂದ ಸುಮ್ನೆ ಓದ್ತಿದ್ದೆ, ಇವತ್ತು ಬರೀತಿದೀನಿ. ನಂಗೆ 61, ಮನೆಯವ್ರಿಗೆ 58. ಸುತ್ತೋ ರೈಡ್ ಹತ್ತಿದ್ರೆ ನಂಗೆ ವಾಂತಿ. ನಾವು ಹೋದ್ರೆ ಏನು ಮಾಡ್ಬಹುದು?

ಪರದೆಹಿಂದೆ:
ಸಾರ್ ಧಾರಾಳವಾಗಿ ಹೋಗಿ. ಗಿರಗಿರ ಸುತ್ತೋದು ಬಿಟ್ಬಿಡಿ, ಪರದೆ ಮೇಲೆ ಚಿತ್ರ ಓಡಿಸಿ ಸೀಟ್ ಅಲ್ಲಾಡಿಸೋದೂ ಬೇಡ, ಹೊಟ್ಟೆ ತೊಳಸೋದು ಅದರಲ್ಲೇ ಜಾಸ್ತಿ, ಕಣ್ಣಿಗೆ ಹಾರ್ತಿದೀವಿ ಅನ್ಸುತ್ತೆ ಕಿವಿಯೊಳಗಿನ ಸಮತೋಲನದ ಅಂಗಕ್ಕೆ ಕೂತಿದೀವಿ ಅಂತ ಗೊತ್ತಿರುತ್ತೆ, ಎರಡಕ್ಕೂ ಜಗಳ. ದೋಣಿ ರೈಡು, ನಿಧಾನವಾಗಿ ಕತ್ತಲಲ್ಲಿ ಕತೆ ಹೇಳ್ಕೊಂಡು ಹೋಗೋವು, ರಾತ್ರಿ ಪ್ರದರ್ಶನ, ಇಷ್ಟರಲ್ಲೇ ಮೂರು ದಿನ ಕಳೆಯುತ್ತೆ.

ಬೋಲ್ಟುನಟ್ಟು:
ಹೊಸಾ ಶೂ ಹಾಕ್ಕೊಂಡು ಹೋಗಬ್ಯಾಡ್ರಿ ಸರ್. ಹಳೇವು, ಪಾದಕ್ಕ ಹೊಂದಿದ್ದು ಹಾಕ್ಕೊಳ್ರಿ. ದಿನಕ್ಕ ಹನ್ನೆರಡು ಹದಿಮೂರು ಕಿ.ಮೀ. ಆಗ್ತದ, ನಾ ಅಳದೀನಿ.

ಒಂಟಿಸೀಟು:
ಶಾಲೆಗಳಿಗೆ ರಜೆ ಇಲ್ಲದ ಸಮಯ ನೋಡಿ ಹೋಗಿ ಸಾರ್. ಮಕ್ಕಳಿಲ್ಲದವರಿಗೆ, ಮಕ್ಕಳು ದೊಡ್ಡವರಾದವರಿಗೆ ಇರುವ ದೊಡ್ಡ ಲಾಭ ಅದೇ. ಮತ್ತೆ ನೀವಿಬ್ಬರೂ ಆ ಸಿಂಗಲ್ ರೈಡರ್ ಸಾಲಲ್ಲಿ ನಿಂತ್ರೆ ಬೇಗ ಆಗ್ತದೆ, ಆದ್ರೆ ಸೀಟು ಬೇರೆ ಬೇರೆ, ಜಗಳ ಆದ ದಿನ ಮಾತ್ರ ಹಾಗೆ ಮಾಡಿ.

ತಣ್ಣೀರು:
ನಾನಂತೂ ಹೋಗಲ್ಲ, ಹೇಳ್ಬಿಟ್ಟಿದೀನಿ. ಆದ್ರೆ ಪರದೆಹಿಂದೆ ಸಾರ್, ಒಂದು ಬಾಕಿ ಉಳೀತು. ನಾಲ್ಕು ಸಲ ಹೋದ್ರಲ್ಲ, ಆ ಗಾಜು ಕಾಣಿಸ್ತಾ ಇಲ್ವಾ ಕೊನೆಗೆ?

ಪರದೆಹಿಂದೆ:
ಹೇಳಲ್ಲ.

ತಣ್ಣೀರು:
ಇದು ಅನ್ಯಾಯ.

ಅರ್ಧಟಿಕೆಟ್:
ಎಲ್ರಿಗೂ ಥ್ಯಾಂಕ್ಸ್. ಆಫೀಸಿನೋರಿಗೆ ಈ ಲಿಂಕ್ ಕಳಿಸ್ಬೇಕು ಅನ್ಕೊಂಡೆ, ಆಮೇಲೆ ನನ್ನ ಬಗ್ಗೆ ಮಿಕ್ಕರ್ಧ ಬರ್ದಿರೋದು ನೆನಪಾಗಿ ಸುಮ್ನಾದೆ. ಒಂದು ತೀರ್ಮಾನ ಮಾಡಿದೀನಿ, ಮುಂದಿನ ಸಲ ಪ್ಲಾನ್ ಪೂರ್ತಿ ನಂದು, ಅಲಾರಾಂ ನಂದು, ಅವಳು ಬೆಂಚ್ ಮೇಲೆ ಕೂತಿರ್ಲಿ. ಆಪ್ ಇಳಿಸ್ಕೊಂಡಿದೀನಿ.

ಮಿಕ್ಕರ್ಧ:
ಆಪ್ ಇಳಿಸ್ಕೊಂಡು ಅರ್ಧ ಗಂಟೆ ಆಯ್ತು. ಪಾಸ್‌ವರ್ಡ್ ಏನು ಅಂತ ಮೂರು ಸಲ ಕೇಳಿದಾರೆ. ಈಗ ಬಂದು, ಆ ಬೆಂಚ್ ಮ್ಯಾಪಲ್ಲಿ ಎಲ್ಲಿದೆ ಅಂತ ಕೇಳ್ತಿದಾರೆ.